ಬೆಲೆ ತೆತ್ತವನ ಹಕ್ಕು

ತನ್ನ ಹಣದಿಂದ ಕೊಂಡ ಎಣ್ಣೆಯನ್ನು ಒಬ್ಬನು ನಡುಹಗಲಿನಲ್ಲಿ ನೂರು ಹಣತೆಗಳಿಗೆ ಹೊಯ್ದು ಉರಿಸಿದನೆಂದರೆ ನೆರೆಹೊರೆಯವರು ನಗುವರು, ತಡೆಯಲು ಬಾರರು. ಎಣ್ಣೆ ಅವನದು, ಹಣ ಅವನದು, ಹುಚ್ಚೂ ಅವನದೇ. ಆದರೆ ಊರಿಗೆಲ್ಲ ಇರುವುದು ಒಂದೇ ಕೊಡ ಎಣ್ಣೆಯಾಗಿ, ಎಲ್ಲರ ಮನೆಯ ದೀಪವೂ ಆ ಕೊಡದಿಂದಲೇ ಉರಿಯಬೇಕಾಗಿದ್ದರೆ, ನಗು ನಿಂತು ನ್ಯಾಯದ ಮಾತು ಮೊದಲಾಗುವುದು. “ಬೆಲೆ ಕೊಟ್ಟಿದ್ದೇನೆ, ಕೇಳಲು ನೀವಾರು?” ಎಂಬ ಉತ್ತರ ಮೊದಲನೆಯ ಸಂದರ್ಭದಲ್ಲಿ ಸಾಕಾದೀತು. ಎರಡನೆಯದರಲ್ಲಿ ಸಾಕಾದೀತೆ? ಕ್ರಿಪ್ಟೋ ನಾಣ್ಯಗಳ ಗಣಿಗಾರಿಕೆಯು ನುಂಗುವ ವಿದ್ಯುತ್ತನ್ನು ಕುರಿತು ಲೋಕದಲ್ಲಿ ಹತ್ತಾರು ವರ್ಷಗಳಿಂದ ನಡೆದುಬಂದಿರುವ ವಾಗ್ವಾದದ ತಿರುಳು ಇದೇ ಪ್ರಶ್ನೆಯಲ್ಲಿದೆ.

ವಿದ್ಯುತ್ತು ಎಲ್ಲಿಯೋ ಹುಟ್ಟಿ ತಂತಿಯಲ್ಲಿ ಹರಿದು ಬರುವ ವಸ್ತುವೆಂದು ನಗರವಾಸಿಗಳು ಎಣಿಸುವುದುಂಟು. ಪುಟ್ಟೇನಹಳ್ಳಿಯವರಿಗೆ ಆ ಭ್ರಮೆ ಇರಲಾರದು. ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಮಗ್ಗುಲಲ್ಲಿರುವ ಈ ಊರಿಗೆ ಎರಡು ದೊಡ್ಡ ನೆರೆಗಳು. ಒಂದು ಅದರ ಕೆರೆ. ಬಣ್ಣದ ಕೊಕ್ಕರೆಯೂ ಹಾವಕ್ಕಿಯೂ ಬಂದು ತಂಗುವ ಆ ಕೆರೆಯನ್ನು ಸರ್ಕಾರವು ೨೦೧೫ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲೆಂದು ಸಾರಿತು. ಇನ್ನೊಂದು, ಅಲ್ಲಿಂದ ಬಹುದೂರವಿಲ್ಲದ ಕರ್ನಾಟಕ ವಿದ್ಯುತ್ ನಿಗಮದ ಯಲಹಂಕ ವಿದ್ಯುದಾಗಾರ. ಹಿಂದೆ ಅಲ್ಲಿ ಡೀಸೆಲ್ ಯಂತ್ರಗಳಿದ್ದುವು; ಅನಂತರ ಅನಿಲದಿಂದ ನಡೆಯುವ ೩೭೦ ಮೆಗಾವಾಟಿನ ಹೊಸ ಆಗಾರವನ್ನು ಕಟ್ಟಿದರು. ೨೦೨೦ರ ಅಕ್ಟೋಬರ್ ೨ರಂದು, ಅದು ಇನ್ನೂ ಪರೀಕ್ಷೆಯ ಹಂತದಲ್ಲಿರುವಾಗಲೇ, ಬೆಂಕಿ ಹೊತ್ತಿ ಕೆಲಸದಲ್ಲಿದ್ದವರು ಸುಟ್ಟ ಗಾಯಗಳಿಗೆ ಗುರಿಯಾದರು. ೨೦೨೪ರಲ್ಲಿ ಅದರ ಉದ್ಘಾಟನೆ ನಡೆಯಿತು. ದೀಪದ ಗುಂಡಿಯನ್ನೊತ್ತುವ ಕೈಗೂ ಆ ಬೆಂಕಿಗೂ ನಡುವಣ ದೂರ ಈ ಊರಿನಲ್ಲಿ ಕಾಲುನಡಗೆಯ ದೂರ.

ಈ ಆಗಾರವನ್ನೇ ಅಳತೆಗೋಲಾಗಿ ಹಿಡಿದರೆ ವಿಷಯದ ಗಾತ್ರ ತಿಳಿಯುವುದು. ೩೭೦ ಮೆಗಾವಾಟಿನ ಯಂತ್ರವು ಒಂದು ಗಳಿಗೆಯೂ ನಿಲ್ಲದೆ ವರ್ಷವಿಡೀ ತನ್ನ ಪೂರ್ಣ ಶಕ್ತಿಯಿಂದ ಓಡಿತೆಂದು ಭಾವಿಸಿದರೆ (ಯಾವ ಯಂತ್ರವೂ ಹಾಗೆ ಓಡದೆಂಬುದು ಬೇರೆಯ ಮಾತು) ೩೨೪ ಕೋಟಿ ಯೂನಿಟ್ಟಿನಷ್ಟು ವಿದ್ಯುತ್ತು ಬರುವುದು. ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದವರು ೨೦೨೫ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಬಿಟ್‌ಕಾಯಿನ್ ಎಂಬ ಒಂದೇ ನಾಣ್ಯದ ಗಣಿಗಾರಿಕೆಗೆ ವರ್ಷಕ್ಕೆ ಹಿಡಿಯುವ ವಿದ್ಯುತ್ತು ೧೩,೮೦೦ ಕೋಟಿ ಯೂನಿಟ್. ಎಂದರೆ ನಲವತ್ತೆರಡು ಯಲಹಂಕಗಳು ಹಗಲಿರುಳೂ ದುಡಿದರೂ ಸಾಲದು. ಲೋಕದ ಒಟ್ಟು ವಿದ್ಯುತ್ತಿನಲ್ಲಿ ಇದು ನೂರಕ್ಕೆ ಅರ್ಧ ಪಾಲು ಮಾತ್ರವೆಂದು ಒಂದು ಪಕ್ಷದವರೂ, ಅರ್ಧ ಪಾಲೇ ಎಂದು ಇನ್ನೊಂದು ಪಕ್ಷದವರೂ ಕೂಗುವರು. ಅಂಕಿ ಒಂದೇ, ಸ್ವರ ಬೇರೆ.

ಇಷ್ಟು ಶಕ್ತಿ ಎಲ್ಲಿಗೆ ಹೋಗುವುದು? ಬಿಟ್‌ಕಾಯಿನ್ ಲೋಹವೂ ಅಲ್ಲ, ಕಾಗದವೂ ಅಲ್ಲ. ಒಂದು ಲೆಕ್ಕದ ಪುಸ್ತಕದಲ್ಲಿನ ಬರಹ. ಸತೋಶಿ ನಕಾಮೊಟೊ ಎಂಬ ಮರೆಹೆಸರಿನಿಂದ ೨೦೦೮ರಲ್ಲಿ ಅದರ ಯೋಜನೆ ಪ್ರಕಟವಾಯಿತು. ೨೦೦೯ರ ಜನವರಿಯಲ್ಲಿ ನಡೆಗೆ ಬಂದಿತು. ಹಿಂದಿನ ಹಳ್ಳಿಗಳಲ್ಲಿ ಲೆಕ್ಕದ ಪುಸ್ತಕ ಶಾನುಭೋಗರ ಕೈಯಲ್ಲಿರುತ್ತಿದ್ದಿತು; ಅವರು ಒಂದು ಸೊನ್ನೆಯನ್ನು ತಿದ್ದಿದರೆ ಒಬ್ಬ ಒಕ್ಕಲಿನ ಬಾಳು ತಿದ್ದಿಹೋಗುತ್ತಿದ್ದಿತು. ಬಿಟ್‌ಕಾಯಿನ್ನಿನಲ್ಲಿ ಶಾನುಭೋಗರೇ ಇಲ್ಲ. ಪುಸ್ತಕದ ಪ್ರತಿಗಳು ಲೋಕದ ಸಾವಿರಾರು ಗಣಕಯಂತ್ರಗಳಲ್ಲಿ ಇರುವುವು. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ ಅದಕ್ಕೆ ಸೇರುವುದು. ಸೇರಿಸುವ ಅಧಿಕಾರ ಒಂದು ಅಂಕಿಯನ್ನು ಊಹಿಸುವ ಪಂದ್ಯದಲ್ಲಿ ಗೆದ್ದವನಿಗೆ. ಈ ಊಹೆಗೆ ಜಾಣತನವು ನೆರವಿಗೆ ಬಾರದು; ಯಾರ ಯಂತ್ರಗಳು ಹೆಚ್ಚು ಸಲ ಊಹಿಸಬಲ್ಲುವೋ ಅವರಿಗೆ ಗೆಲ್ಲುವ ಸಂಭವ ಹೆಚ್ಚು. ಗೆದ್ದವನಿಗೆ ಹೊಸ ನಾಣ್ಯಗಳೇ ಬಹುಮಾನ. ಮೊದಲು ಪುಟಕ್ಕೆ ೫೦ ಇದ್ದುದು ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ ಬಂದು ೨೦೨೪ರ ಏಪ್ರಿಲಿನಲ್ಲಿ ೩.೧೨೫ಕ್ಕೆ ಇಳಿಯಿತು. ಪುಸ್ತಕವನ್ನು ಕಳ್ಳತನದಿಂದ ತಿದ್ದಬೇಕೆನ್ನುವವನು ಉಳಿದೆಲ್ಲರ ಯಂತ್ರಗಳನ್ನೂ ಮೀರಿಸುವಷ್ಟು ವಿದ್ಯುತ್ತನ್ನು ಸುಡಬೇಕಾಗುವುದು. ಅಷ್ಟು ವೆಚ್ಚಕ್ಕೆ ಯಾರೂ ಮುಂದಾಗರು. ಆದುದರಿಂದ ಇಲ್ಲಿ ಸುಡುವ ವಿದ್ಯುತ್ತೇ ಬೇಲಿ. ಇದಕ್ಕೆ ಗಣಿಗಾರಿಕೆಯೆಂದು ಹೆಸರಿಟ್ಟವರು ಚಿನ್ನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಟ್ಟರು.

ಕನ್ನಡ ನಾಡಿನಲ್ಲಿ ಆ ಹೆಸರು ಕಿವಿಗೆ ಬಿದ್ದೊಡನೆ ಕೋಲಾರ ನೆನಪಾಗುವುದು. ಚಿನ್ನಕ್ಕೂ ವಿದ್ಯುತ್ತಿಗೂ ಇಲ್ಲಿರುವಷ್ಟು ಹಳೆಯ ಸಂಬಂಧ ಬೇರೆ ಕಡೆ ವಿರಳ. ಈ ನಾಡಿನ ಮೊದಲ ದೊಡ್ಡ ಜಲವಿದ್ಯುದಾಗಾರವು ಯಾರ ಮನೆಯ ದೀಪಕ್ಕಾಗಿಯೂ ಹುಟ್ಟಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರರ ಆಡಳಿತದಲ್ಲಿ ಯೋಜನೆಗೊಂಡು, ೧೯೦೨ರಲ್ಲಿ ಶಿವನಸಮುದ್ರದಿಂದ ೯೨ ಮೈಲಿಗಳ ತಂತಿಯ ಮೇಲೆ ಹರಿದ ಕಾವೇರಿಯ ಶಕ್ತಿ ನೇರವಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಆ ಕಾಲಕ್ಕೆ ಲೋಕದ ಅತ್ಯಂತ ಉದ್ದನೆಯ ವಿದ್ಯುನ್ಮಾರ್ಗಗಳಲ್ಲಿ ಅದೊಂದು. ಬೆಂಗಳೂರಿನ ಬೀದಿಗೆ ಬೆಳಕು ಬಂದುದು ೧೯೦೫ರಲ್ಲಿ, ಚಿನ್ನದ ಹೊಟ್ಟೆ ತುಂಬಿದ ಮೇಲೆ. ತಂತಿಯ ಕೆಳಗಿದ್ದ ಹಳ್ಳಿಗಳಾದರೋ ಇನ್ನೂ ಬಹುಕಾಲ ಹರಳೆಣ್ಣೆಯ ದೀಪದಲ್ಲಿಯೇ ರಾತ್ರಿಗಳನ್ನು ಕಳೆದುವು. ೧೯೧೧ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿಯೂ, ಬೇಸಗೆಯಲ್ಲಿ ನದಿ ತಗ್ಗಿದಾಗ ಗಣಿಗಳಿಗೆ ಶಕ್ತಿ ತಗ್ಗದಂತಿರಬೇಕೆಂಬುದು ಒಂದಾಗಿದ್ದಿತು. ಇಷ್ಟೆಲ್ಲ ಮಾಡಿ ಮೇಲೆತ್ತಿದ ಲೋಹದಿಂದ ಯಾರ ಹಸಿವೂ ಹಿಂಗಲಿಲ್ಲ. ಅದರ ಬಹುಪಾಲು ಒಂದು ನೆಲಮಾಳಿಗೆಯಿಂದ ಹೊರಟು ಇನ್ನೊಂದು ನೆಲಮಾಳಿಗೆಯನ್ನು ಸೇರಿತು. ಗಣಿಗಾರರಲ್ಲಿ ಹಲವರಿಗೆ ಕಲ್ಲಿನ ಧೂಳಿನಿಂದ ಶ್ವಾಸಕೋಶದ ರೋಗ ಹತ್ತಿತು. ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದ ಮೇಲೆ, ತೆಗೆಯುವ ವೆಚ್ಚ ಚಿನ್ನದ ಬೆಲೆಯನ್ನು ಮೀರಿತೆಂದು, ೨೦೦೧ರ ಫೆಬ್ರವರಿ ೨೮ರಂದು ಗಣಿಗಳನ್ನು ಮುಚ್ಚಿದರು. ಸಯನೈಡಿನಲ್ಲಿ ತೊಳೆದ ಮಣ್ಣಿನ ಗುಡ್ಡಗಳು ಇಂದಿಗೂ ಅಲ್ಲಿವೆ. ಗಾಳಿ ಬೀಸಿದಾಗ ಅದರ ಧೂಳು ಊರಿನ ಮೇಲೆ ಬೀಳುವುದು.

ಕ್ರಿಪ್ಟೋ ಪಕ್ಷದವರು ಈ ಕಥೆಯನ್ನು ಕೇಳಿದರೆ ಹಿಗ್ಗುವರು. ಮದುವೆಯ ಮನೆಯಲ್ಲಿ ಹೆಣ್ಣಿನ ಕೊರಳಿಗೆ ಚಿನ್ನವನ್ನು ಹೇರುವ ಸಮಾಜಕ್ಕೆ, ಗಣಕದ ನಾಣ್ಯವನ್ನು ಕಂಡು ಮೂಗು ಮುರಿಯುವ ಅಧಿಕಾರ ಎಲ್ಲಿಯದು ಎಂದು ಕೇಳುವರು. ಮಾತು ಚುಚ್ಚುವುದೇನೋ ನಿಜ. ಯಾವುದು ಉಪಯುಕ್ತ, ಯಾವುದು ವ್ಯರ್ಥ ಎಂಬ ತೀರ್ಮಾನವನ್ನು ಬೇರೆಯವರ ಕೈಗೆ ಕೊಟ್ಟರೆ ಯಾರ ಸಂತೋಷವೂ ಉಳಿಯದು. ಕರಗದ ರಾತ್ರಿಯ ದೀಪಮಾಲೆ ಒಬ್ಬನಿಗೆ ವ್ಯರ್ಥ. ಚೆಂಡಾಟದ ಬಯಲಿನ ಹೊನಲುಬೆಳಕು ಇನ್ನೊಬ್ಬನಿಗೆ ವ್ಯರ್ಥ. “ನಿನಗೆ ಬೇಡವಾದುದನ್ನು ನಾನು ಬಯಸುತ್ತೇನೆ” ಎಂಬುದಷ್ಟೇ ಅಪರಾಧವಾದರೆ ಲೋಕದಲ್ಲಿ ನಿರಪರಾಧಿಗಳೇ ಇರರು. ಆದುದರಿಂದ ಗಣಕದ ಗಣಿಯನ್ನು ನಿರುಪಯುಕ್ತವೆಂದು ಜರೆದು ಮುಗಿಸುವವರ ವಾದ ಮೇಲುನೋಟದ್ದು.

ಆದರೆ ಕೋಲಾರದ ಹೋಲಿಕೆ ಒಂದು ಮುಖ್ಯ ಸ್ಥಳದಲ್ಲಿ ಮುರಿಯುವುದು. ಕೋಲಾರದಲ್ಲಿ ಶಕ್ತಿ ಹೆಚ್ಚಾದರೆ ಹೆಚ್ಚು ಕಲ್ಲು ಒಡೆಯುತ್ತಿದ್ದಿತು, ಹೆಚ್ಚು ಅದಿರು ಮೇಲೆ ಬರುತ್ತಿದ್ದಿತು, ಹೆಚ್ಚು ಚಿನ್ನ ದೊರೆಯುತ್ತಿದ್ದಿತು. ಬಿಟ್‌ಕಾಯಿನ್ನಿನಲ್ಲಿ ಹಾಗಿಲ್ಲ. ೨,೦೧೬ ಪುಟಗಳಿಗೊಮ್ಮೆ, ಎಂದರೆ ಸುಮಾರು ಎರಡು ವಾರಕ್ಕೊಮ್ಮೆ, ಪಂದ್ಯದ ಕಾಠಿನ್ಯವು ತಾನಾಗಿ ಏರಿಯೋ ಇಳಿದೋ ಹೊಂದಿಕೊಳ್ಳುವುದು. ಯಂತ್ರಗಳು ಇಮ್ಮಡಿಯಾದರೆ ಊಹೆ ಇಮ್ಮಡಿ ಕಠಿಣವಾಗುವುದು, ನಾಣ್ಯಗಳು ಮೊದಲಿನಷ್ಟೇ. ಯಂತ್ರಗಳಲ್ಲಿ ಅರ್ಧವನ್ನು ನಾಳೆ ಎಲ್ಲರೂ ಕೂಡಿ ನಿಲ್ಲಿಸಿದರೂ, ಕೆಲವು ದಿನಗಳ ತೊಡಕು ಕಳೆದ ಮೇಲೆ, ಅಷ್ಟೇ ನಾಣ್ಯ, ಅಷ್ಟೇ ಪುಟ. ಈಗಿನ ಬಹುಮಾನದಂತೆ ದಿನಕ್ಕೆ ಹುಟ್ಟುವ ನಾಣ್ಯಗಳು ಸುಮಾರು ೪೫೦. ಕೇಂಬ್ರಿಡ್ಜಿನ ಅಂದಾಜನ್ನು ಅವುಗಳಿಗೆ ಹಂಚಿದರೆ ನಾಣ್ಯವೊಂದಕ್ಕೆ ೮ ಲಕ್ಷ ೪೦ ಸಾವಿರ ಯೂನಿಟ್ ಬೀಳುವುದು. ಕರ್ನಾಟಕದಲ್ಲಿ ೨೦೨೩ರಲ್ಲಿ ಬಂದ ಗೃಹಜ್ಯೋತಿ ಯೋಜನೆಯು ಮನೆಗೆ ತಿಂಗಳಿಗೆ ೨೦೦ ಯೂನಿಟ್ಟಿನ ಮಿತಿಯನ್ನಿಟ್ಟಿತು. ಆ ಮಿತಿಯನ್ನು ಪೂರ್ತಿ ಬಳಸುವ ೩೫೦ ಮನೆಗಳ ಒಂದು ವರ್ಷದ ಬೆಳಕು ಒಂದು ನಾಣ್ಯಕ್ಕೆ ಸಮ. ಆ ನಾಣ್ಯವು ಇದರ ಹತ್ತರಲ್ಲೊಂದು ಪಾಲಿನಿಂದಲೂ ಹುಟ್ಟಬಹುದಾಗಿದ್ದಿತು. ಎದುರಾಳಿಗಳು ಹೆಚ್ಚು ಸುಡುತ್ತಿರುವರೆಂಬ ಒಂದೇ ಕಾರಣದಿಂದ ಪ್ರತಿಯೊಬ್ಬನೂ ಹೆಚ್ಚು ಸುಡಬೇಕಾಗಿದೆ.

ಇದಕ್ಕೆ ಸರಿಯಾದ ಹೋಲಿಕೆ ಕೋಲಾರದ ಚಿನ್ನದಲ್ಲಿಲ್ಲ, ಅದೇ ಕೋಲಾರದ ನೀರಿನಲ್ಲಿದೆ. ಆ ಜಿಲ್ಲೆಯಲ್ಲಿಯೂ, ಚಿಕ್ಕಬಳ್ಳಾಪುರ ದೊಡ್ಡಬಳ್ಳಾಪುರಗಳ ಕಡೆಯಲ್ಲಿಯೂ, ಹಿಂದೆ ಕಪಿಲೆ ಕಟ್ಟಿ ನೀರೆತ್ತುತ್ತಿದ್ದ ತೆರೆದ ಬಾವಿಗಳಿದ್ದುವು. ಒಬ್ಬನು ಕೊಳವೆ ಬಾವಿ ತೋಡಿಸಿದನು. ನೆರೆಯವನ ತೆರೆದ ಬಾವಿ ಒಣಗಿತು. ನೆರೆಯವನು ಸಾಲ ಮಾಡಿ ಇನ್ನೂ ಆಳಕ್ಕೆ ಕೊರೆಸಿದನು. ಮೊದಲಿನವನ ಪಂಪು ಗಾಳಿಯನ್ನು ಎಳೆಯತೊಡಗಿತು. ಹೀಗೆ ನೂರು ಅಡಿಯಲ್ಲಿದ್ದ ಕೊಳವೆ ಸಾವಿರ ಅಡಿಯನ್ನು ದಾಟಿತು. ಆಳ ಹೆಚ್ಚಿದಂತೆ ಪಂಪಿನ ಅಶ್ವಶಕ್ತಿಯೂ ಹೆಚ್ಚಿತು, ವಿದ್ಯುತ್ತೂ ಹೆಚ್ಚಿತು. ಆಕಾಶದಿಂದ ಬೀಳುವ ಮಳೆಯಾದರೋ ಇದ್ದಷ್ಟೇ. ಈ ಸಾಲಿನಲ್ಲಿ ದುಷ್ಟನೆಂದು ಯಾರನ್ನು ಬೆರಳಿಟ್ಟು ತೋರಿಸುವುದು? ಎಲ್ಲರೂ ತಮ್ಮ ತೋಟವನ್ನು ಉಳಿಸಿಕೊಳ್ಳಲೆಂದೇ ಕೊರೆಸಿದರು, ಎಲ್ಲರೂ ಕೊರೆಯುವ ಲಾರಿಗೆ ಅಡಿಗಿಷ್ಟೆಂದು ಹಣ ತೆತ್ತರು. ಎಲ್ಲರೂ ಕೂಡಿ ಎಲ್ಲರ ನೀರನ್ನೂ ಕೆಳಕ್ಕೆ ತಳ್ಳಿದರು. ಒಬ್ಬೊಬ್ಬನ ನಡತೆಯನ್ನು ಬಿಡಿಯಾಗಿ ನೋಡಿದರೆ ದೋಷವಿಲ್ಲ. ಒಟ್ಟು ನೋಡಿದರೆ ಅನರ್ಥ. ಇಂಥ ಸ್ಪರ್ಧೆಯಲ್ಲಿ “ಬೆಲೆ ತೆತ್ತಿದ್ದೇನೆ” ಎಂಬುದು ಸತ್ಯವಾದ ಮಾತು, ಆದರೆ ಪ್ರಶ್ನೆಗೆ ಉತ್ತರವಲ್ಲ. ತೆತ್ತ ಬೆಲೆ ಕೊರೆದವನಿಗೆ ಸೇರಿತು. ನೀರು ಕಳೆದುಕೊಂಡ ನೆರೆಯವನಿಗೆ ಏನು ಸೇರಿತು?

ರೈತನಿಗೂ ಗಣಕದ ಗಣಿಗಾರನಿಗೂ ಒಂದು ಭೇದವಿದೆ, ಅದನ್ನು ಮರೆಸಬಾರದು. ಬಾಯಾರಿಕೆಗೆ ನೀರಲ್ಲದೆ ಬೇರೆ ಮದ್ದಿಲ್ಲ. ಗಣಿಗಾರನು ಕಾಯುವ ವಸ್ತು ನಂಬಿಕೆ. ಅದಕ್ಕೆ ಬೇರೆ ಮದ್ದುಂಟೆ? ನಂಬಿಕೆಯ ಅಗತ್ಯ ಸುಳ್ಳೆಂದು ಹೇಳಲಾಗದು. ಚೀಟಿ ಹಾಕಿ ಮೋಸಹೋದ ಸಂಸಾರಗಳು ಬೆಂಗಳೂರಿನ ಎಲ್ಲ ಬಡಾವಣೆಗಳಲ್ಲಿಯೂ ಸಿಕ್ಕುವುವು. ೨೦೨೦ರಲ್ಲಿ ಈ ನಗರದ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ವೃದ್ಧರು ತಮ್ಮದೇ ಹಣಕ್ಕಾಗಿ ಬಾಗಿಲಲ್ಲಿ ನಿಂತರು. ಖಜಾಂಚಿಯೇ ಇಲ್ಲದ ಖಜಾನೆಯೊಂದು ಇದ್ದರೆ ಎಷ್ಟು ಚೆನ್ನು ಎಂದು ಅವರಲ್ಲಿ ಒಬ್ಬರಿಗೆ ತೋರಿದ್ದರೆ ಅದನ್ನು ಮೂರ್ಖತನವೆನ್ನಲಾದೀತೆ? ಹಣದ ಬೆಲೆ ತಿಂಗಳಿಂದ ತಿಂಗಳಿಗೆ ಕರಗುವ ದೇಶಗಳಲ್ಲಿ, ಸರ್ಕಾರವೇ ಪ್ರಜೆಯ ಗಂಟಿಗೆ ಕೈಯಿಕ್ಕುವ ದೇಶಗಳಲ್ಲಿ, ಆ ಬೇಲಿಗೆ ನಿಜವಾದ ಉಪಯೋಗವಿದೆ.

ಆದರೆ ನಡೆದುದನ್ನು ನೋಡಬೇಕು. ಖಜಾಂಚಿ ಬೇಡವೆಂದು ಇಷ್ಟು ವಿದ್ಯುತ್ತನ್ನು ಸುಟ್ಟ ಮೇಲೆ, ನಾಣ್ಯ ಕೊಳ್ಳುವವರಲ್ಲಿ ಅನೇಕರು ಮಾಡಿದುದೇನು? ಲೆಕ್ಕದ ಕೀಲಿಯನ್ನು ತಾವು ಇಟ್ಟುಕೊಳ್ಳುವ ಶ್ರಮ ಬೇಡವೆಂದು ಅದನ್ನು ವಿನಿಮಯ ಸಂಸ್ಥೆಗಳ ವಶಕ್ಕೆ ಕೊಟ್ಟರು. ೨೦೨೪ರ ಜುಲೈಯಲ್ಲಿ ಭಾರತದ ಅಂಥದೊಂದು ಸಂಸ್ಥೆಯಿಂದ ಸುಮಾರು ೨೩ ಕೋಟಿ ಡಾಲರ್ ಬೆಲೆಯ ನಾಣ್ಯಗಳು ಕಳ್ಳರ ಪಾಲಾದಾಗ, ಬಡಪಾಯಿ ಠೇವಣಿದಾರರು ಮತ್ತೆ ಬಾಗಿಲಲ್ಲಿಯೇ ನಿಂತರು. ಈ ಸಲ ಬಾಗಿಲೂ ಇರಲಿಲ್ಲ. ಮುಂಬಾಗಿಲಿಗೆ ಕಬ್ಬಿಣದ ಬೇಲಿ ಕಟ್ಟಿ ಹಿತ್ತಲ ಕದವನ್ನು ತೆರೆದಿಟ್ಟಂತಾಯಿತು.

ಬೇರೆ ಮದ್ದು ಇಲ್ಲವೆಂಬ ಮಾತೂ ೨೦೨೨ರ ಸೆಪ್ಟೆಂಬರ್ ೧೫ರ ವರೆಗೆ ಮಾತ್ರ ನಡೆಯಿತು. ಬಿಟ್‌ಕಾಯಿನ್ನಿನ ತರುವಾಯ ಎರಡನೆಯ ಸ್ಥಾನದಲ್ಲಿರುವ ಈಥೀರಿಯಮ್ ಎಂಬುದು ಅಂದು ಊಹೆಯ ಪಂದ್ಯವನ್ನೇ ಕೈಬಿಟ್ಟಿತು. ಪುಟ ಬರೆಯುವ ಅಧಿಕಾರ, ತನ್ನ ನಾಣ್ಯಗಳನ್ನು ಒತ್ತೆಯಿಟ್ಟವನಿಗೆ ಹೋಯಿತು. ಕಪಟ ಮಾಡಿದರೆ ಒತ್ತೆ ಮುಳುಗುವುದು. ಅದರ ವಿದ್ಯುತ್ತಿನ ವೆಚ್ಚ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮೀರಿ ಇಳಿಯಿತು. ಪುಸ್ತಕ ನಡೆಯುತ್ತಲೇ ಇದೆ. ಇದರಲ್ಲಿ ಹಣವಂತನ ಕೈ ಮೇಲಾಗುವುದೆಂದು ಬಿಟ್‌ಕಾಯಿನ್ನಿನವರು ಆಕ್ಷೇಪಿಸುವರು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಸಾವಿರಾರು ಯಂತ್ರಗಳನ್ನು ಕೊಂಡು ಬಯಲಿನಲ್ಲಿ ಶೆಡ್ಡು ಕಟ್ಟುವವನು ಬಡವನೆ? ಒಂದು ಕಡೆ ಹಣ ನೇರವಾಗಿ ಕಾವಲಿಗೆ ಕೂರುವುದು, ಇನ್ನೊಂದು ಕಡೆ ಹಣ ವಿದ್ಯುತ್ತಾಗಿ ಉರಿದು ಕೂರುವುದು.

ಇನ್ನು, ಹಾಳಾಗುವ ವಿದ್ಯುತ್ತನ್ನು ಮಾತ್ರ ಬಳಸುತ್ತೇವೆಂಬ ವಾದ. ಕೇಂಬ್ರಿಡ್ಜಿನವರ ವರದಿಯಲ್ಲಿಯೇ ಗಣಿಗಾರಿಕೆಯ ವಿದ್ಯುತ್ತಿನಲ್ಲಿ ನೂರಕ್ಕೆ ಐವತ್ತೆರಡು ಪಾಲು ನೀರು, ಗಾಳಿ, ಬಿಸಿಲು, ಪರಮಾಣು ಇವುಗಳಿಂದ ಬಂದುದೆಂದಿದೆ. ಒಳ್ಳೆಯದೇ. ಪಾವಗಡದ ಬಯಲಿನಲ್ಲಿ ೨,೦೫೦ ಮೆಗಾವಾಟಿನ ಸೌರ ವಿದ್ಯುತ್ತಿನ ತಾಣವಿದೆ. ನಡುಹಗಲಿನ ಬಿಸಿಲಿನ ಶಕ್ತಿ ಕೆಲವು ದಿನ ಬೇಕಾದುದಕ್ಕಿಂತ ಹೆಚ್ಚಾಗುವುದುಂಟು. ಅದನ್ನು ಗಣಿಗಾರನು ಕೊಂಡರೆ ಯಾರಿಗೂ ನಷ್ಟವಿಲ್ಲ. ಆದರೆ ದುಬಾರಿ ಬೆಲೆಯ ಯಂತ್ರಗಳನ್ನು ತಂದಿಟ್ಟವನು ಮಧ್ಯಾಹ್ನದ ನಾಲ್ಕು ಗಂಟೆ ಓಡಿಸಿ ಇಪ್ಪತ್ತು ಗಂಟೆ ಸುಮ್ಮನಿರಬಲ್ಲನೆ? ಯಂತ್ರಗಳು ಬಹುಬೇಗ ಹಳತಾಗುವುವು. ಸಾಲದ ಬಡ್ಡಿ ರಾತ್ರಿಯಲ್ಲಿಯೂ ಬೆಳೆಯುವುದು. ಅವನ ಲಾಭವೇ ಅವನನ್ನು ಸಂಜೆಯ ಕಡೆಗೆ ತಳ್ಳುವುದು. ಸಂಜೆಯಾದರೋ ಬಿಸಿಲಿಲ್ಲ, ಆಗ ಹೆಚ್ಚಿದ ಬೇಡಿಕೆಯ ಭಾರ ಬೀಳುವುದು ನೀರು, ಕಲ್ಲಿದ್ದಲು, ಅನಿಲಗಳ ಮೇಲೆ, ಯಲಹಂಕದಂಥ ಆಗಾರಗಳ ಮೇಲೆ.

ಬೆಲೆ ಎಂಬುದು ಎಷ್ಟು ಮೋಸದ ಅಳತೆಯೆಂಬುದಕ್ಕೆ ಎರಡು ದೇಶಗಳ ಅನುಭವ ಸಾಕು. ಇರಾನಿನಲ್ಲಿ ವಿದ್ಯುತ್ತಿನ ದರವನ್ನು ಸರ್ಕಾರವು ಪ್ರಜೆಗಳ ಹಿತಕ್ಕಾಗಿ ತಗ್ಗಿಸಿಟ್ಟಿದ್ದಿತು. ಗಣಿಗಾರರು ಆ ಅಗ್ಗವನ್ನು ಹುಡುಕಿಕೊಂಡು ಹೋದರು. ೨೦೨೧ರ ಮೇ ತಿಂಗಳಲ್ಲಿ ನಗರಗಳು ಕತ್ತಲಾದಾಗ ನಾಲ್ಕು ತಿಂಗಳ ಕಾಲ ಗಣಿಗಾರಿಕೆಯನ್ನೇ ನಿಷೇಧಿಸಬೇಕಾಯಿತು. ಅಮೆರಿಕದ ಟೆಕ್ಸಾಸಿನಲ್ಲಿ ಕಥೆ ಇನ್ನೂ ವಿಚಿತ್ರ. ೨೦೨೩ರ ಆಗಸ್ಟಿನ ಉರಿಬೇಸಗೆಯಲ್ಲಿ, ವಿದ್ಯುತ್ತು ಎಲ್ಲರಿಗೂ ಬೇಕಾದ ಹೊತ್ತಿನಲ್ಲಿ ತನ್ನ ಯಂತ್ರಗಳನ್ನು ತಗ್ಗಿಸಿಕೊಂಡುದಕ್ಕಾಗಿ ಒಂದು ಗಣಿಗಾರಿಕೆಯ ಕಂಪನಿಗೆ ೩ ಕೋಟಿ ೧೭ ಲಕ್ಷ ಡಾಲರ್ ಜಮೆಯಾಯಿತು. ಆ ತಿಂಗಳು ನಾಣ್ಯ ತೆಗೆದು ಗಳಿಸಿದುದಕ್ಕಿಂತ ತೆಗೆಯದೆ ಗಳಿಸಿದುದೇ ಹೆಚ್ಚು. ಬಾಗಿಲಿಗೆ ಅಡ್ಡ ಮಲಗಿದವನು ಏಳುವುದಕ್ಕೆ ಕಾಣಿಕೆ ಪಡೆದಂತೆ.

ಕರ್ನಾಟಕದಲ್ಲಾದರೋ ಬೆಲೆಯೇ ಹಕ್ಕಿನ ಮೂಲವೆಂದು ಯಾವ ಸರ್ಕಾರವೂ ಒಪ್ಪಿಲ್ಲ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪಿಗೆ ರೈತನು ದರ ತೆರುವುದಿಲ್ಲ. ಬಡ ಮನೆಯ ದೀಪಕ್ಕೂ ದರವಿಲ್ಲ. ಬೆಲೆ ತೆತ್ತವನಿಗೇ ಮೊದಲ ಹಕ್ಕೆಂದರೆ ಇವರು ಸಾಲಿನ ಕೊನೆಗೆ ನಿಲ್ಲಬೇಕಾದೀತು. ೨೦೨೩ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಿದಾಗ, ಜಲಾಶಯಗಳಲ್ಲಿ ನೀರು ತಗ್ಗಿ, ಪಂಪುಗಳಿಗೆ ದಿನಕ್ಕೆ ಎಷ್ಟು ಗಂಟೆ ವಿದ್ಯುತ್ತೆಂಬುದೇ ಹಳ್ಳಿಗಳ ಮಾತಾಗಿ, ರೈತರು ವಿದ್ಯುತ್ ಕಚೇರಿಗಳ ಮುಂದೆ ಕುಳಿತರು. ಒಣಗುತ್ತಿರುವ ರಾಗಿಯ ಹೊಲದ ಒಡೆಯನಿಗೆ, ಅದೇ ತಂತಿಯ ಇನ್ನೊಂದು ತುದಿಯಲ್ಲಿ ಅಂಕಿಯನ್ನು ಊಹಿಸುವ ಯಂತ್ರಗಳು ಯೂನಿಟ್ಟಿಗೆ ಇಷ್ಟೆಂದು ಹಣ ತೆತ್ತು ಓಡುತ್ತಿವೆಯೆಂದು ಸಮಾಧಾನ ಹೇಳಬಲ್ಲವರಾರು?

ನಿಷೇಧವೇ ಇದಕ್ಕೆ ಉತ್ತರವೆಂದು ದುಡುಕುವುದೂ ತಕ್ಕುದಲ್ಲ. ಚೀಣಾ ದೇಶವು ೨೦೨೧ರಲ್ಲಿ ನಿಷೇಧಿಸಿತು. ಯಂತ್ರಗಳು ಗಡಿ ದಾಟಿ ಕಜಕಿಸ್ತಾನಕ್ಕೆ ಹೋದುವು, ಅಲ್ಲಿ ವಿದ್ಯುತ್ತಿಗೆ ಕ್ಷಾಮ ಬಂದಿತು. ಕೊಳವೆ ಬಾವಿಗಳನ್ನು ಕರ್ನಾಟಕವು ನಿಷೇಧಿಸಲಿಲ್ಲ. ೨೦೧೧ರ ಅಂತರ್ಜಲದ ಕಾಯಿದೆಯಿಂದ, ಘೋಷಿತ ಪ್ರದೇಶಗಳಲ್ಲಿ ಕೊರೆಯುವ ಮುನ್ನ ಅಪ್ಪಣೆ ಪಡೆಯಬೇಕೆಂದು ವಿಧಿಸಿತು. ಕಾಯಿದೆ ಎಷ್ಟರಮಟ್ಟಿಗೆ ನಡೆಯಿತೆಂಬುದನ್ನು ಕೋಲಾರದ ರಸ್ತೆಗಳಲ್ಲಿ ಓಡಾಡುವ ಕೊರೆಯುವ ಲಾರಿಗಳೇ ಹೇಳುವುವು. ಆದರೂ ಅದರ ಹಿಂದಿನ ವಿವೇಕ ಸರಿಯಾದುದು. ನೆಲದಡಿಯ ನೀರು ನೆಲದ ಒಡೆಯನೊಬ್ಬನದೇ ಅಲ್ಲವೆಂದು ಅದು ಒಪ್ಪಿತು. ತಂತಿಯಲ್ಲಿನ ಶಕ್ತಿಯ ವಿಷಯದಲ್ಲಿಯೂ ಆ ಒಪ್ಪಿಗೆ ಬರಬೇಕಾಗಿದೆ. ಗಣಕದ ಗಣಿಗಾರನೊಬ್ಬನು ನಾಳೆ ಅರ್ಜಿ ಹಿಡಿದು ಬಂದರೆ, ಅವನು ಯೂನಿಟ್ಟಿಗೆ ಎಷ್ಟು ಕೊಡುವನೆಂಬುದು ಎರಡನೆಯ ವಿಚಾರ. ಸಂಜೆ ಆರರಿಂದ ಹತ್ತರ ವರೆಗೆ ಅವನ ಯಂತ್ರಗಳು ನಿಂತಿರುವುವೇ, ಬರಗಾಲದಲ್ಲಿ ಪಂಪಿಗಿಂತ ಮೊದಲು ಅವನ ತಂತಿಯನ್ನು ಬಿಚ್ಚಬಹುದೇ, ಬಿಚ್ಚಿದುದಕ್ಕೆ ಅವನು ಕಾಣಿಕೆ ಕೇಳದಿರುವನೇ ಎಂಬುದನ್ನು ಮೊದಲು ಕೇಳಿ, ಉತ್ತರವನ್ನು ಕಾಗದದಲ್ಲಿ ಬರೆಸಿಕೊಂಡ ಮೇಲೆಯೇ ದರದ ಮಾತನ್ನು ಎತ್ತಬೇಕು.